ಒಂಬತ್ತು ಪರ್ಸೆಂಟಿನ ಏರು ಮತ್ತು ಒಂದು ಸ್ಟೀಲ್ ಲೋಟ

ನಂದಿಬೆಟ್ಟದ ಮೂವತ್ತನೆಯ ತಿರುವು ದಾಟಿದ ಮೇಲೆ ನನ್ನ ಗೆಳೆಯ ಸೈಕಲ್ಲಿನಿಂದ ಇಳಿದು, ಹ್ಯಾಂಡಲ್ಲಿನ ಮೇಲೆ ಮೊಣಕೈ ಊರಿ, ಮುಂದಿದ್ದ ರಸ್ತೆಯನ್ನು ಒಮ್ಮೆ ದಿಟ್ಟಿಸಿ, "ಮೂವತ್ತು ಡಿಗ್ರಿಗೆ ಕಡಿಮೆಯಿಲ್ಲ ಕಣೋ ಇದು" ಎಂದು ತೀರ್ಪು ಕೊಟ್ಟ. ನನ್ನ ಸೈಕಲ್ಲಿಗೆ ಕಟ್ಟಿದ್ದ ಪುಟ್ಟ ಕಂಪ್ಯೂಟರು ಆ ಜಾಗದಲ್ಲಿ ತೋರಿಸುತ್ತಿದ್ದದ್ದು ಶೇ. 9. ಅದನ್ನು ಅವನಿಗೆ ಹೇಳಿದಾಗ, ಬೆವರು ಒರೆಸಿಕೊಳ್ಳುತ್ತ, "ಹಾಗಾದರೆ ನಿನ್ನ ಮೀಟರ್ ಕೆಟ್ಟಿದೆ" ಎಂದ. ವಾದ ಮಾಡುವಷ್ಟು ಉಸಿರು ನನ್ನಲ್ಲೂ ಇರಲಿಲ್ಲವಾದ್ದರಿಂದ ಮಾತು ಅಲ್ಲಿಗೇ ನಿಂತಿತು.

ಮೀಟರ್ ಕೆಟ್ಟಿರಲಿಲ್ಲ. ಶೇಕಡಾ ಲೆಕ್ಕವೆಂದರೆ, ಮಟ್ಟವಾಗಿ ನೂರು ಮೀಟರ್ ಸಾಗುವಷ್ಟರಲ್ಲಿ ಎಷ್ಟು ಮೀಟರ್ ಮೇಲಕ್ಕೆ ಏರುತ್ತೇವೆ ಎಂಬುದು. ಶೇ. 100 ಎಂದರೆ ನೆಟ್ಟಗೆ ನಿಂತ ಗೋಡೆ ಎಂದು ಬಹಳ ಜನ ತಿಳಿದಿದ್ದಾರೆ. ಅದು 45 ಡಿಗ್ರಿ ಮಾತ್ರ. ಈ ಲೆಕ್ಕದಲ್ಲಿ ಶೇ. 9ರ ಏರು ಐದು ಡಿಗ್ರಿಗಿಂತ ಕೂದಲೆಳೆಯಷ್ಟು ಹೆಚ್ಚು. ಗೆಳೆಯ ಹೇಳಿದ ಮೂವತ್ತು ಡಿಗ್ರಿ ನಿಜವಾಗಿದ್ದರೆ ಅದು ಶೇ. 58ರಷ್ಟು ಕಡಿದು, ಅಂದರೆ ನಮ್ಮ ಮನೆಗಳ ಮಹಡಿ ಮೆಟ್ಟಿಲಿನ ಓರೆಗೆ ಸರಿಸಮ. ಮೆಟ್ಟಿಲನ್ನು ಯಾರೂ ಸೈಕಲ್ಲಿನಲ್ಲಿ ಹತ್ತುವುದಿಲ್ಲ ಎಂಬ ಸರಳ ಸಂಗತಿ ಆ ಬೆಳಿಗ್ಗೆ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ವಾರ ಅವನು ಮನೆಗೆ ಬಂದಾಗ ಒಂದು ಮೀಟರ್ ಉದ್ದದ ಹಲಗೆಯನ್ನು ನೆಲದ ಮೇಲಿಟ್ಟು, ಅದರ ಒಂದು ತುದಿಯ ಕೆಳಗೆ ಕಾಫಿ ಕುಡಿದು ತೊಳೆದಿಟ್ಟಿದ್ದ ಸ್ಟೀಲ್ ಲೋಟವನ್ನು ನಿಲ್ಲಿಸಿದೆ. ಲೋಟದ ಎತ್ತರ ಒಂಬತ್ತು ಸೆಂಟಿಮೀಟರ್. ಹಲಗೆ ಸುಮ್ಮನೆ ತುಸು ವಾಲಿಕೊಂಡಂತೆ ಕಂಡಿತೇ ಹೊರತು ಏರು ಎಂಬಂತೆ ಕಾಣಲೇ ಇಲ್ಲ. ಅದರ ಮೇಲಿಟ್ಟ ನಿಂಬೆಹಣ್ಣು ಉರುಳಿ ಬಂದು ಅವನ ಕಾಲಿಗೆ ತಾಗಿದಾಗ ಮಾತ್ರ ಅವನು, "ಇಷ್ಟೇನಾ?" ಎಂದು ಕೇಳಿದ. ಇಷ್ಟೇ. ಈ ಲೋಟದಷ್ಟು ಏರು ಕಿಲೋಮೀಟರುಗಟ್ಟಲೆ ಮುಂದುವರಿದರೆ ಗಟ್ಟಿ ಆಳೂ ಇಳಿದು ತಳ್ಳುತ್ತಾನೆ.

ಕಣ್ಣು ಏಕೆ ಇಷ್ಟೊಂದು ದೊಡ್ಡ ಸುಳ್ಳು ಹೇಳುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಗಂಭೀರವಾಗಿಯೇ ಪರೀಕ್ಷಿಸಿದ್ದಾರೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಡೆನಿಸ್ ಪ್ರಾಫಿಟ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರನ್ನು ದಿಬ್ಬಗಳ ಬುಡದಲ್ಲಿ ನಿಲ್ಲಿಸಿ ಅದರ ಕೋನವನ್ನು ಅಂದಾಜು ಮಾಡಲು ಕೇಳಿದರು. ಐದು ಡಿಗ್ರಿಯ ದಿಬ್ಬ ಜನರಿಗೆ ಸುಮಾರು ಇಪ್ಪತ್ತು ಡಿಗ್ರಿಯಾಗಿಯೂ, ಹತ್ತು ಡಿಗ್ರಿಯದು ಸುಮಾರು ಮೂವತ್ತಾಗಿಯೂ ಕಂಡಿತು. ಹಾಗೆ ನೋಡಿದರೆ ನನ್ನ ಗೆಳೆಯನದು ಸಾಮಾನ್ಯ ಮನುಷ್ಯರ ತಪ್ಪೇ. ಏದುಸಿರಿನ ಲೆಕ್ಕದಲ್ಲಿ ಇನ್ನೊಂದು ಹತ್ತು ಡಿಗ್ರಿ ಸೇರಿಸಿಕೊಂಡಿದ್ದ, ಅಷ್ಟೆ. ಆ ಅಧ್ಯಯನದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬೇರೆಯದೇ ಭಾಗ: ಬಾಯಲ್ಲಿ ಇಪ್ಪತ್ತು ಎಂದವರೇ, ದಿಬ್ಬವನ್ನು ನೋಡುತ್ತ, ತಮ್ಮ ಕೈಯನ್ನು ನೋಡದೆ, ಅಂಗೈ ಕೆಳಗಿನ ಹಲಗೆಯನ್ನು ದಿಬ್ಬದ ಓರೆಗೆ ವಾಲಿಸಿ ತೋರಿಸಿದಾಗ ನಿಜಕ್ಕೆ ಬಹಳ ಹತ್ತಿರ ಬಂದಿದ್ದರು. ಬಾಯಿಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿತ್ತು.

ಪ್ರಾಫಿಟ್ ಅವರು 1999ರಲ್ಲಿ ಮುಕುಲ್ ಭಲ್ಲಾ ಅವರೊಂದಿಗೆ ಪ್ರಕಟಿಸಿದ ಇನ್ನೊಂದು ಪ್ರಬಂಧ, ಬೆನ್ನಿಗೆ ಭಾರದ ಚೀಲ ಹೊತ್ತವರಿಗೆ, ಓಡಿ ದಣಿದವರಿಗೆ, ವಯಸ್ಸಾದವರಿಗೆ ಅದೇ ದಿಬ್ಬ ಇನ್ನಷ್ಟು ಕಡಿದಾಗಿ ಕಾಣುತ್ತದೆ ಎಂದಿತು. ಸೈಕಲ್ ತುಳಿಯುವವರಿಗೆ ಇದು ಬಹಳ ಹಿತವಾದ ಮಾತು, ನಮ್ಮ ದಣಿವಿಗೆ ವಿಜ್ಞಾನವೇ ಸಾಕ್ಷಿ ಹೇಳಿದಂತೆ. ಆದರೆ 2009ರಲ್ಲಿ ಫ್ರಾಂಕ್ ಡರ್ಗಿನ್ ಮತ್ತಿತರರು, ಚೀಲ ಹೊರಿಸಿದಾಗಲೇ ಪ್ರಯೋಗದ ಉದ್ದೇಶವನ್ನು ಊಹಿಸಿಬಿಟ್ಟವರು ಅದಕ್ಕೆ ತಕ್ಕಂತೆ ಉತ್ತರ ಕೊಡುತ್ತಾರೆ ಎಂದು ತೋರಿಸಿ, ಆ ತೀರ್ಮಾನವನ್ನು ಪ್ರಶ್ನಿಸಿದರು. ನನ್ನ ಒಲವು ಡರ್ಗಿನ್ ಅವರ ಕಡೆಗೆ. ದಣಿದಾಗ ನನಗೆ ಬೆಟ್ಟ ಬೇರೆಯಾಗಿ ಕಾಣುವುದಿಲ್ಲ. ಕಂಡದ್ದನ್ನು ಹೇಳುವಾಗ ನಾನು ಸ್ವಲ್ಪ ಉಪ್ಪು ಖಾರ ಹೆಚ್ಚು ಹಾಕುತ್ತೇನೆ. ಘಾಟಿ ಹತ್ತಿ ಬಂದವರ ಮಾತನ್ನು ಹೋಟೆಲಿನ ಮೇಜಿನ ಮೇಲೆ ಕೇಳಿದವರಿಗೆ ಈ ವ್ಯತ್ಯಾಸ ತಿಳಿದೇ ಇರುತ್ತದೆ.

ದಣಿವಿನ ಪಾತ್ರ ಏನೇ ಇರಲಿ, ಕಣ್ಣನ್ನು ದಾರಿ ತಪ್ಪಿಸುವ ಸಂಗತಿಗಳು ಹೊರಗೂ ಬೇಕಾದಷ್ಟಿವೆ. ಎದುರಿನಿಂದ ನೋಡಿದ ಏರು ಯಾವಾಗಲೂ ಗೋಡೆಯಂತೆ ಎದ್ದು ನಿಲ್ಲುತ್ತದೆ, ಅದನ್ನೇ ಪಕ್ಕದ ಗದ್ದೆಯಿಂದ ನೋಡಿದರೆ ನಿರುಪದ್ರವಿಯಾಗಿ ಮಲಗಿರುತ್ತದೆ. ಕಣಿವೆಯೊಂದಕ್ಕೆ ಇಳಿಯುತ್ತಿರುವಾಗ ಆಚೆ ದಡದಲ್ಲಿ ಕಾಣುವ ರಸ್ತೆಯಂತೂ ಎದೆ ನಡುಗಿಸುತ್ತದೆ, ಏಕೆಂದರೆ ನಮ್ಮ ಕಣ್ಣು ಇಳಿಜಾರಿಗೆ ಒಗ್ಗಿಕೊಂಡು ಅದನ್ನೇ ಸಮತಟ್ಟೆಂದು ಹಿಡಿದಿರುತ್ತದೆ. ಇದಕ್ಕೆ ವಿರುದ್ಧವಾದ ಮೋಸವೂ ಇದೆ: ಶೇ. 8ರ ಏರು ಮುಗಿದು ಶೇ. 3 ಬಂದಾಗ ರಸ್ತೆ ಇಳಿಯುತ್ತಿದೆ ಎಂದೇ ಅನಿಸಿ, ದೊಡ್ಡ ಗೇರ್ ಹಾಕಿ, ಎರಡು ನಿಮಿಷದಲ್ಲಿ ಕಾಲು ಸೋತು, ಚಕ್ರಕ್ಕೆ ಬ್ರೇಕ್ ಉಜ್ಜುತ್ತಿದೆಯೇ ಎಂದು ಬಗ್ಗಿ ನೋಡುತ್ತೇವೆ. ಫ್ರೆಂಚರು ಇಂಥ ಜಾಗವನ್ನು ಸುಳ್ಳು ಸಮತಟ್ಟು ಎನ್ನುತ್ತಾರೆ. ಲೇಹ್ ಬಳಿಯ ಮ್ಯಾಗ್ನೆಟಿಕ್ ಹಿಲ್‌ನಲ್ಲಿ ಕಾರು ತಾನಾಗಿಯೇ ಮೇಲಕ್ಕೆ ಉರುಳುತ್ತದೆ ಎಂದು ಪ್ರವಾಸಿಗರು ಬೆರಗಾಗುವುದೂ ಇದೇ ಜಾತಿಯ ಭ್ರಮೆಯಿಂದ; ಸುತ್ತಲಿನ ಬೆಟ್ಟಗಳು ನಿಜವಾದ ದಿಗಂತವನ್ನು ಮರೆಮಾಡಿರುವುದರಿಂದ ಇಳಿಜಾರು ಏರಾಗಿ ಕಾಣುತ್ತದೆ. ಊರೊಳಗಾದರೆ ನಾನು ರಸ್ತೆಯನ್ನು ಬಿಟ್ಟು ಪಕ್ಕದ ಮನೆಗಳ ತಳಪಾಯವನ್ನು ನೋಡುತ್ತೇನೆ: ಒಂದು ಮೂಲೆಯಲ್ಲಿ ಎರಡು ವರಸೆ ಕಲ್ಲು, ಇನ್ನೊಂದು ಮೂಲೆಯಲ್ಲಿ ಐದು ವರಸೆ ಇದ್ದರೆ ರಸ್ತೆ ಎತ್ತ ವಾಲಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಕಾಡಿನಲ್ಲಾದರೆ ಚರಂಡಿಯ ನೀರು ಹರಿಯುವ ದಿಕ್ಕು.

ಕಣ್ಣಿಗಿಂತ ಕಾಲು ಪ್ರಾಮಾಣಿಕ, ಆದರೆ ಕಾಲು ಅಳೆಯುವುದು ಬೆಟ್ಟವನ್ನಲ್ಲ, ಬೆಟ್ಟವನ್ನೂ ಗೇರನ್ನೂ ಸೇರಿಸಿ. ಇದನ್ನು ನನಗೆ ಮನಗಾಣಿಸಿದವರು ಬೆಟ್ಟದ ತಪ್ಪಲಿನ ಹಳ್ಳಿಯೊಂದರ ಹಾಲಿನವರು. ಹಳೆಯ ಕಪ್ಪು ಸೈಕಲ್ಲಿನ ಎರಡೂ ಬದಿಗೆ ಕ್ಯಾನು ತೂಗುಹಾಕಿಕೊಂಡು, ನಾನು ಏರೆಂದು ಗಮನಿಸಿಯೇ ಇರದ ಒಂದು ಸಣ್ಣ ದಿಣ್ಣೆಯ ಬುಡದಲ್ಲಿ ಅವರು ಶಿಸ್ತಾಗಿ ಇಳಿದು, ಒಂದು ಕೈ ಸೀಟಿಗೆ, ಒಂದು ಕೈ ಹ್ಯಾಂಡಲ್ಲಿಗೆ ಕೊಟ್ಟು ತಳ್ಳತೊಡಗಿದರು. ಮನೆಗೆ ಬಂದು ಲೆಕ್ಕ ಹಾಕಿದೆ. ಅವರ ಸೈಕಲ್ಲಿನ ಚೈನು ಸುತ್ತುವ ಚಕ್ರಗಳಲ್ಲಿ ಮುಂದೆ 44 ಹಲ್ಲು, ಹಿಂದೆ 18 ಎಂದಿಟ್ಟುಕೊಂಡರೆ ಪೆಡಲಿನ ಒಂದು ಸುತ್ತಿಗೆ ಗಾಡಿ ಸುಮಾರು ಐದೂವರೆ ಮೀಟರ್ ಮುಂದೆ ಹೋಗಲೇಬೇಕು. ನನ್ನದರಲ್ಲಿ ಮುಂದೆ 34, ಹಿಂದೆ 32 ಹಲ್ಲಿನ ಚಕ್ರ ಕೂರಿಸಿದರೆ ಒಂದು ಸುತ್ತಿಗೆ ಎರಡೂಕಾಲು ಮೀಟರ್ ಸಾಗಿದರೆ ಸಾಕು. ಆಳು, ಸೈಕಲ್, ಹಾಲು ಸೇರಿ ಅವರದು 110 ಕಿಲೋ ಎಂದೂ ನನ್ನದು 80 ಕಿಲೋ ಎಂದೂ ಹಿಡಿದರೆ, ಶೇ. 5ರ ಒಂದೇ ಏರಿನಲ್ಲಿ ಅವರು ಪೆಡಲಿನ ಮೇಲೆ ಸರಾಸರಿ 28 ಕಿಲೋ ತೂಕದಷ್ಟು ಒತ್ತಡ ಹಾಕಬೇಕು, ನಾನು ಎಂಟು ಕಿಲೋದಷ್ಟು. ಹಾಗಾದರೆ ನನ್ನ ಪಾಲಿಗೆ ಆ ದಿಣ್ಣೆ ಇರಲೇ ಇಲ್ಲವೆಂಬುದು ನನ್ನ ಶಕ್ತಿಯ ಮಾತಲ್ಲ, ನನ್ನ ಹಿಂದಿನ ಚಕ್ರದ ಹಲ್ಲುಗಳ ಮಾತು.

ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಆರಂಭಕಾಲದವರು ನಿಂತದ್ದು ಬಹುಮಟ್ಟಿಗೆ ಈ ಹಾಲಿನವರ ಸಾಲಿನಲ್ಲಿ. ಓಡುತ್ತಿರುವಾಗಲೇ ಗೇರ್ ಬದಲಿಸುವ ಡಿರೇಲರ್ ಸಾಧನಕ್ಕೆ ಆ ಸ್ಪರ್ಧೆಯಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಮೊದಲು, 1910ರಲ್ಲಿ ಪಿರನೀಸ್ ಪರ್ವತಗಳ ಟೂರ್ಮಾಲೆ ಘಾಟಿಯನ್ನು ಮೊದಲ ಬಾರಿಗೆ ಸೇರಿಸಿದಾಗ, ಆ ವರ್ಷ ಗೆದ್ದ ಆಕ್ಟಾವ್ ಲಪೀಜ್ ಕೂಡ ಏರಿನ ಕೆಲವು ಭಾಗಗಳಲ್ಲಿ ಇಳಿದು ತಳ್ಳಿದ್ದ. ಅದೇ ದಿನ ಸಂಘಟಕರನ್ನು ಕಂಡು "ಕೊಲೆಗಡುಕರು" ಎಂದು ಬೈದದ್ದು ಇಂದಿಗೂ ಸೈಕಲ್ ಲೋಕದ ನೆನಪಿನಲ್ಲಿದೆ.

ಗೇರುಗಳಿರುವ ಸೈಕಲ್ಲಿನವರು ಏರನ್ನು ಅಳೆಯುವ ನಿತ್ಯದ ಕ್ರಮ ಯಾವ ಉಪಕರಣವೂ ಇಲ್ಲದ್ದು: ಇನ್ನೆಷ್ಟು ಗೇರ್ ಉಳಿದಿದೆ ಎಂದು ನೋಡಿಕೊಳ್ಳುವುದು. ಎರಡು ಉಳಿದಿದ್ದರೆ ಮಾತಾಡಬಹುದು, ಒಂದು ಉಳಿದಿದ್ದರೆ ಮೌನ, ಕೊನೆಯದೂ ಮುಗಿದ ಮೇಲೆ ಇಲ್ಲವೆಂದು ಗೊತ್ತಿದ್ದರೂ ಬೆರಳು ಲಿವರನ್ನು ಇನ್ನೊಮ್ಮೆ ಒತ್ತುತ್ತದೆ. ಆ ಖಾಲಿ ಸದ್ದನ್ನು ನಂದಿಯ ಮೇಲಿನ ತಿರುವುಗಳಲ್ಲಿ ನನ್ನ ಮುಂದಿರುವವರಿಂದಲೂ ಹಿಂದಿರುವವರಿಂದಲೂ ಎಷ್ಟೋ ಸಲ ಕೇಳಿದ್ದೇನೆ.

ಇನ್ನು ಯಂತ್ರಗಳ ವಿಚಾರ. ಒಳ್ಳೆಯ ಸೈಕಲ್ ಕಂಪ್ಯೂಟರುಗಳು ಗಾಳಿಯ ಒತ್ತಡವನ್ನು ಅಳೆದು ಎತ್ತರವನ್ನು ಲೆಕ್ಕ ಹಾಕುತ್ತವೆ. ಸಮುದ್ರಮಟ್ಟದ ಹತ್ತಿರ ಸುಮಾರು ಎಂಟೂಕಾಲು ಮೀಟರ್ ಏರಿದರೆ ಒತ್ತಡ ಒಂದು ಮಿಲಿಬಾರ್‌ನಷ್ಟು ಇಳಿಯುತ್ತದೆ. ಏರಿದ ಎತ್ತರವನ್ನು ಸಾಗಿದ ದೂರದಿಂದ ಭಾಗಿಸಿದರೆ ಏರಿನ ಪ್ರಮಾಣ. ಆದರೆ ಒಂದು ಅಳತೆ ಸ್ಥಿರವಾಗಲು ಕೆಲವು ಸೆಕೆಂಡುಗಳ ದತ್ತಾಂಶ ಬೇಕಾದ್ದರಿಂದ, ತೆರೆಯ ಮೇಲೆ ಶೇ. 12 ಎಂದು ಮೂಡುವ ಹೊತ್ತಿಗೆ ಆ ಶೇ. 12 ಬೆನ್ನ ಹಿಂದೆ ಬಿದ್ದಿರುತ್ತದೆ. ಮಳೆ ಹನಿಯೋ ಬೆವರೋ ಗಾಳಿ ಹೋಗುವ ಸಣ್ಣ ರಂಧ್ರವನ್ನು ಮುಚ್ಚಿದರೆ ಆಗುಂಬೆ ಘಾಟಿಯೂ ಸಮತಟ್ಟಾಗಿಬಿಡುತ್ತದೆ. ಆಷಾಢದಲ್ಲಿ ಒಮ್ಮೆ ಹಾಗಾಗಿ, ಜೀವಮಾನದ ಅತಿ ಕಷ್ಟದ ಒಂದು ಗಂಟೆ ನನ್ನ ದಾಖಲೆಯಲ್ಲಿ ಬಯಲುಸೀಮೆಯ ವಿಹಾರವಾಗಿ ಉಳಿದುಕೊಂಡಿದೆ.

ಯಂತ್ರ ಕೊಡುವ ಸಂಖ್ಯೆಗಳಲ್ಲಿ ನಾನು ಅತಿ ಕಡಿಮೆ ನಂಬುವುದು ಸರಾಸರಿಯನ್ನು. ನಂದಿಯ ಏರು ಬುಡದಿಂದ ತುದಿಗೆ ಎಂಟು ಕಿಲೋಮೀಟರಿಗಿಂತ ತುಸು ಕಡಿಮೆ, ಸರಾಸರಿ ಸುಮಾರು ಶೇ. 5.5. ಈ ಸಂಖ್ಯೆಯನ್ನು ನಂಬಿ ಬಂದ ಹೊಸಬರು ಕೆಳಗಿನ ತಿರುವುಗಳಲ್ಲಿ ಲವಲವಿಕೆಯಿಂದ ಹಾರುತ್ತ ಹೋಗಿ ಮೇಲಿನ ತಿರುವುಗಳಲ್ಲಿ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಎಂಟು ಕಿಲೋಮೀಟರಿನ ಒಂದು ಬೆಟ್ಟ ಮೊದಲರ್ಧ ಶೇ. 3, ಉಳಿದರ್ಧ ಶೇ. 8 ಇದ್ದರೂ ಸರಾಸರಿ ಶೇ. 5.5 ಎಂದೇ ಬರುತ್ತದೆ, ಆದರೆ ಆ ಬೆಟ್ಟದಲ್ಲಿ ಶೇ. 5.5 ಇರುವ ಜಾಗ ಹುಡುಕಿದರೂ ಸಿಗುವುದಿಲ್ಲ. ನಂದಿ ಅಷ್ಟು ಕಟ್ಟುನಿಟ್ಟಾಗಿ ಎರಡು ಹೋಳಾಗಿಲ್ಲ, ಆದರೂ ಅದರ ಮನಸ್ಸು ಇರುವುದು ಮೇಲಿನ ಭಾಗದಲ್ಲಿ. ಅಲ್ಲಿನ ನಲವತ್ತು ತಿರುವುಗಳನ್ನು ಎಣಿಸುತ್ತ ಹೋಗುವವರಿಗೆ ಇಪ್ಪತ್ತು ಬಂದಾಗ ಅರ್ಧ ಮುಗಿಯಿತೆಂಬ ಸಮಾಧಾನವಾಗುತ್ತದೆ, ಕಾಲಿಗೆ ಮಾತ್ರ ಹಾಗೆನಿಸುವುದಿಲ್ಲ.

ಸೈಕಲ್ ಸವಾರಿಗಳನ್ನು ದಾಖಲಿಸುವ ಸ್ಟ್ರಾವಾ ಆ್ಯಪ್ ಏರುಗಳಿಗೆ ದರ್ಜೆ ಕೊಡುವ ಸೂತ್ರ ಈ ಸರಾಸರಿಯ ಮೇಲೆಯೇ ನಿಂತಿದೆ. ಮೀಟರುಗಳಲ್ಲಿ ಉದ್ದವನ್ನು ಶೇಕಡಾ ಏರಿನಿಂದ ಗುಣಿಸಿ, 8,000 ದಾಟಿದರೆ ನಾಲ್ಕನೆಯ ದರ್ಜೆ, 16,000ಕ್ಕೆ ಮೂರು, 32,000ಕ್ಕೆ ಎರಡು, 64,000ಕ್ಕೆ ಒಂದು, 80,000 ದಾಟಿದರೆ ದರ್ಜೆಯನ್ನೇ ಮೀರಿದ್ದು. ಈ ಲೆಕ್ಕದಲ್ಲಿ ನಂದಿ 41,000ದ ಆಸುಪಾಸಿನಲ್ಲಿದ್ದು ಎರಡನೆಯ ದರ್ಜೆ ಪಡೆಯುತ್ತದೆ; ಆಲ್ಪ್ಸ್ ಪರ್ವತದ ಪ್ರಸಿದ್ಧ ಆಲ್ಪ್ ದ್ಯುಎಜ್ 13.8 ಕಿಲೋಮೀಟರಿಗೆ ಶೇ. 8.1 ಇರುವುದರಿಂದ ಒಂದು ಲಕ್ಷವನ್ನೂ ದಾಟುತ್ತದೆ. ಸೂತ್ರ ಅಚ್ಚುಕಟ್ಟಾಗಿದೆ, ಅದೇ ಅದರ ದೋಷವೂ ಹೌದು: ಅದರ ಪ್ರಕಾರ ಎಂಟು ಕಿಲೋಮೀಟರ್ ಉದ್ದದ ಶೇ. 4ರ ಏರೂ, ನಾಲ್ಕು ಕಿಲೋಮೀಟರ್ ಉದ್ದದ ಶೇ. 8ರ ಏರೂ ಒಂದೇ. ಎರಡರಲ್ಲೂ ಏರುವ ಎತ್ತರ 320 ಮೀಟರೇ ಆದ್ದರಿಂದ ದುಡಿಮೆ ಒಂದೇ ಎಂದು ಭೌತಶಾಸ್ತ್ರವೂ ಹೇಳೀತು. ಆದರೆ ಮೊದಲನೆಯದನ್ನು ನಿಧಾನವಾಗಿಯಾದರೂ ಎಲ್ಲರೂ ಹತ್ತುತ್ತಾರೆ, ಎರಡನೆಯದರಲ್ಲಿ ನಿಧಾನಕ್ಕೂ ಒಂದು ಮಿತಿಯಿದೆ, ಏಕೆಂದರೆ ಗಂಟೆಗೆ ಐದು ಕಿಲೋಮೀಟರಿಗಿಂತ ಕೆಳಗೆ ಇಳಿದರೆ ಸೈಕಲ್ ನೆಟ್ಟಗೆ ನಿಲ್ಲುವುದೇ ಕಷ್ಟ. ಟೂರ್ ಡಿ ಫ್ರಾನ್ಸ್‌ನವರು ಉದ್ದ ಮತ್ತು ಕಡಿದಿನ ಜೊತೆಗೆ ಆ ಏರು ದಿನದ ದಾರಿಯಲ್ಲಿ ಎಲ್ಲಿ ಬರುತ್ತದೆ ಎಂಬುದನ್ನೂ ನೋಡಿ ದರ್ಜೆ ಕೊಡುತ್ತಾರೆ. ಕೊನೆಯಲ್ಲಿ ಬರುವ ದಿಬ್ಬ ಮೊದಲಲ್ಲಿ ಬರುವ ಬೆಟ್ಟಕ್ಕಿಂತ ದೊಡ್ಡದು ಎಂಬುದು ಊರಿಗೆ ವಾಪಸಾಗುವಾಗ ಮೇಲ್ಸೇತುವೆ ಹತ್ತಿದ ಯಾರಿಗಾದರೂ ಗೊತ್ತು.

ಅಳೆಯುವ ಗೆರೆ ರಸ್ತೆಯ ಯಾವ ಅಂಚಿನಲ್ಲಿದೆ ಎಂಬುದರ ಮೇಲೂ ಉತ್ತರ ಬದಲಾಗುತ್ತದೆ. ಜಗತ್ತಿನ ಅತಿ ಕಡಿದಾದ ಬೀದಿ ಎಂಬ ಗಿನ್ನೆಸ್ ದಾಖಲೆ ಬಹುಕಾಲ ನ್ಯೂಜಿಲೆಂಡಿನ ಡ್ಯುನೆಡಿನ್ ನಗರದ ಬಾಲ್ಡ್‌ವಿನ್ ಬೀದಿಯ ಹೆಸರಿನಲ್ಲಿತ್ತು. 2019ರಲ್ಲಿ ಅದು ವೇಲ್ಸ್ ದೇಶದ ಹಾರ್ಲೆಕ್ ಊರಿನ ಅಂಕುಡೊಂಕಾದ ಬೀದಿಯೊಂದಕ್ಕೆ ಹೋಯಿತು. ಡ್ಯುನೆಡಿನ್‌ನವರು ಸುಮ್ಮನಿರದೆ, ತಿರುವಿರುವ ಬೀದಿಯನ್ನು ಒಳಂಚಿನಲ್ಲಿ ಅಳೆಯುವುದು ಸರಿಯಲ್ಲ, ನಡುಗೆರೆಯಲ್ಲಿ ಅಳೆಯಬೇಕು ಎಂದು ತಕರಾರು ಹೂಡಿ, 2020ರಲ್ಲಿ ದಾಖಲೆಯನ್ನು ಮರಳಿ ಪಡೆದರು. ಈ ಜಗಳ ಹೊರಗಿನವರಿಗೆ ಕ್ಷುಲ್ಲಕವಾಗಿ ಕಂಡೀತು, ಸೈಕಲ್ ತುಳಿಯುವವರಿಗೆ ಅದು ನಿತ್ಯದ ಅನುಭವ. ಅರ್ಧವೃತ್ತದ ಒಂದು ಹೇರ್‌ಪಿನ್ ತಿರುವಿನಲ್ಲಿ ರಸ್ತೆ ಎರಡು ಮೀಟರ್ ಏರುತ್ತದೆ ಎಂದುಕೊಳ್ಳಿ. ನಡುಗೆರೆಯ ತ್ರಿಜ್ಯ ಎಂಟು ಮೀಟರ್ ಇದ್ದರೆ ಏರು ಶೇ. 8, ಐದು ಮೀಟರ್ ತ್ರಿಜ್ಯದ ಒಳಂಚಿನಲ್ಲಿ ಅದೇ ಎತ್ತರವನ್ನು ಕಡಿಮೆ ದೂರದಲ್ಲಿ ಏರಬೇಕಾದ್ದರಿಂದ ಶೇ. 12ಕ್ಕೂ ಹೆಚ್ಚು, ಹನ್ನೊಂದು ಮೀಟರಿನ ಹೊರಂಚಿನಲ್ಲಿ ಶೇ. 6ಕ್ಕಿಂತ ಕಡಿಮೆ. ಒಂದೇ ತಿರುವಿನಲ್ಲಿ ಮೂರು ಬೆಟ್ಟಗಳಿವೆ. ನಾವು ಎಡಬದಿಯಲ್ಲಿ ಸಾಗುವವರಾದ್ದರಿಂದ ಎಡಕ್ಕೆ ತಿರುಗುವ ಪ್ರತಿ ಹೇರ್‌ಪಿನ್ನೂ ಹತ್ತುವವನ ಪಾಲಿಗೆ ಕಡಿದಾದ ಒಳಂಚನ್ನೇ ಕೊಡುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ, ಮೇಲಿನಿಂದ ಬಸ್ಸಿನ ಹಾರನ್ ಕೇಳುತ್ತಿರುವಾಗ, ಸುಖವಾದ ಹೊರಂಚನ್ನು ಹುಡುಕಿಕೊಂಡು ಹೋಗುವ ಧೈರ್ಯ ನನಗಿಲ್ಲ.

ರಸ್ತೆ ಕಟ್ಟುವವರಿಗೂ ಇದು ಗೊತ್ತಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡಗಳು ತಿರುವುಗಳಲ್ಲಿ ಏರನ್ನು ಒಂದಿಷ್ಟು ತಗ್ಗಿಸಬೇಕೆನ್ನುತ್ತವೆ. ಕಡಿದಾದ ಬೆಟ್ಟಪ್ರದೇಶಗಳಲ್ಲೂ ಅವು ಸಾಧಾರಣವಾಗಿ ಒಪ್ಪುವುದು ಶೇ. 6, ತೀರಾ ಅನಿವಾರ್ಯವಾದಲ್ಲಿ ಶೇ. 8. ರೈಲಿನವರಂತೂ ಇನ್ನೂ ಸೂಕ್ಷ್ಮ: ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯ ಹಳಿ ಐವತ್ತಕ್ಕೆ ಒಂದು, ಅಂದರೆ ಶೇ. 2, ಅದೇ ಅವರಿಗೆ ಘನಘೋರ ಇಳಿಜಾರು. ಹೀಗಾಗಿ ಲಾರಿ ಬಸ್ಸು ಓಡಾಡುವ ಹಳೆಯ ಘಾಟಿ ರಸ್ತೆಗಳು ಉದ್ದವಾಗಿದ್ದರೂ ಸೈಕಲ್ಲಿನವರ ಮಟ್ಟಿಗೆ ದಯಾಳುಗಳು. ನಿಜವಾಗಿ ಹೆದರಬೇಕಾದದ್ದು ಯಾವ ಮಾನದಂಡವನ್ನೂ ಕೇಳದೆ ಜೀಪಿಗಾಗಿ ಕಡಿದ ಎಸ್ಟೇಟ್ ದಾರಿಗಳಿಗೆ, ಗುಡ್ಡದ ಮೇಲಿನ ಗುಡಿಗೆ ಊರವರೇ ಕಾಂಕ್ರೀಟ್ ಸುರಿದ ನೇರ ರಸ್ತೆಗಳಿಗೆ.

ಅಂಥ ಒಂದು ದಾರಿಯ ಬುಡದಲ್ಲಿ, ಕಳೆದ ಚಳಿಗಾಲದಲ್ಲಿ, ಮಲೆನಾಡಿನ ಒಂದು ಗೂಡಂಗಡಿಯ ಮುಂದೆ ನಿಂತು ಬಾಳೆಹಣ್ಣು ತಿನ್ನುತ್ತಿದ್ದೆ. ಮುಂದಿನ ನಾಲ್ಕು ಕಿಲೋಮೀಟರಿಗೆ ಫೋನಿನ ನಕ್ಷೆ ಸರಾಸರಿ ಶೇ. 6 ಎಂದು ತೋರಿಸುತ್ತಿತ್ತು. ಏರು ಬಹಳ ಇದೆಯೇ ಎಂದು ಅಂಗಡಿಯ ಅಜ್ಜಿಯನ್ನು ಕೇಳಿದೆ. "ಅಪ್ಪು ಅಂಥಾದ್ದೇನಿಲ್ಲ ಮಾರಾಯ್ರೆ" ಎಂದರು. ಜೀಪಿನಲ್ಲಿ ಓಡಾಡಿದವರು ಕೊಡುವ ಉತ್ತರ ಇದೇ ಎಂದು ಬಲ್ಲೆನಾದ್ದರಿಂದ, ಬೇರೆ ಪ್ರಶ್ನೆ ಕೇಳಿದೆ: ಸೈಕಲ್ಲಿನಲ್ಲಿ ಹೋಗುವವರು ಯಾರಾದರೂ ಇದ್ದಾರೆಯೇ, ಅವರು ಎಲ್ಲಿ ಇಳಿಯುತ್ತಾರೆ? ಅಜ್ಜಿ ಒಂದು ಕ್ಷಣವೂ ಯೋಚಿಸಲಿಲ್ಲ. "ಈಗ ಎಲ್ಲಿ ಸೈಕಲ್ಲು, ಎಲ್ಲರದ್ದೂ ಬೈಕೇ. ಮುಂಚೆ ಎಲ್ಲರೂ ಹಲಸಿನ ಮರದ ಹತ್ರ ಇಳೀತಿದ್ರು. ನಮ್ಮೆಜಮಾನ್ರೂ ಅಲ್ಲೇ."

ಎರಡೂವರೆ ಕಿಲೋಮೀಟರ್ ಕಾಫಿ ತೋಟದ ನೆರಳಿನಲ್ಲಿ, ಎರಡು ಗೇರ್ ಕೈಯಲ್ಲಿಟ್ಟುಕೊಂಡೇ ಹತ್ತಿದೆ. ಒಂದು ತಿರುವಿನಾಚೆ ಮರ ಕಾಣಿಸಿತು, ಅದರ ಹಿಂದೆ ರಸ್ತೆ ಕಾಣಿಸಲಿಲ್ಲ, ಆಕಾಶ ಕಾಣಿಸಿತು. ಅಜ್ಜಿಯ ಮಾತನ್ನು ಸುಳ್ಳು ಮಾಡಬೇಕೆಂಬ ಹಟದಿಂದ ಸೀಟಿನಿಂದ ಎದ್ದು ನಿಂತು ತುಳಿದೆ. ಮುಂದಿನ ಚಕ್ರ ನೆಲ ಬಿಟ್ಟು ಏಳತೊಡಗಿತು, ಬೆರಳು ಇಲ್ಲದ ಗೇರನ್ನು ಒತ್ತಿತು, ತೆರೆಯ ಮೇಲೆ ಶೇ. 7 ಎಂದಿದ್ದದ್ದು, ನಾನು ಒಂದು ಕಾಲು ನೆಲಕ್ಕೆ ಊರಿ ನಿಂತ ಮೇಲೆ, ನಿಧಾನವಾಗಿ 18ಕ್ಕೆ ಏರಿತು. ಮರ ದಾಟಿ ಹತ್ತು ಮೀಟರ್ ಬಂದಿದ್ದೆ. ಸೈಕಲ್ ತಿರುಗಿಸಿಕೊಂಡು ವಾಪಸು ನಡೆದು ಬಂದು ನೆರಳಿನಲ್ಲಿ ಕುಳಿತೆ. ಮರದ ಬುಡದಲ್ಲಿ ಹಾಸುಗಲ್ಲೊಂದಿತ್ತು. ಅದರ ಅಂಚು ಪಾಚಿಗಟ್ಟಿತ್ತು, ನಡುಭಾಗ ಮಾತ್ರ ಜನ ಕುಳಿತು ಕುಳಿತು ನುಣುಪಾಗಿತ್ತು.